ಕವಾಯತಿನಿಂದ ಮಾಫಿ

ಖೋಖೋ ಬಾಯಿಯನ್ನು ಹೆಸರು ಹಿಡಿದು ಕರೆದರೆ ಮೊದಲ ಸಲಕ್ಕೆ ಅವರು ತಿರುಗುತ್ತಿರಲಿಲ್ಲ. ಎರಡನೆಯ ಸಲಕ್ಕೆ ತಿರುಗುತ್ತಿದ್ದರು. ‘ಬಾಯಿ’ ಎಂದರೆ ಮಾತ್ರ ಮೈದಾನದ ಆ ತುದಿಯಲ್ಲಿದ್ದರೂ ಕೇಳಿಸುತ್ತಿತ್ತು. ಗಡಿಯಾಚೆ ಮಹಾರಾಷ್ಟ್ರಕ್ಕೆ ಸೇರಿದ ನಮ್ಮ ಉಮರಗಾದ ಮರಾಠಿ ಶಾಲೆಗಳಲ್ಲಿ ಶಿಕ್ಷಕಿಯರನ್ನೆಲ್ಲ ಬಾಯಿ ಎಂದೇ ಕರೆಯುವುದು. ನಾನು ಗಣಿತದ ಬಾಯಿ, ಅವರು ಖೋಖೋ ಬಾಯಿ. ನಾನು ಆ ಶಾಲೆಗೆ ಸೇರಿ ಎಂಟು ದಿನವಾಗಿರಲಿಲ್ಲ, ಅಷ್ಟರಲ್ಲಿ ಇದು ನನ್ನ ಕಣ್ಣಿಗೆ ಬಿತ್ತು. ಉಳಿದವರು, ಸೀಟಿ ಊದೀ ಊದೀ ಕಿವಿ ಮಂದವಾಗಿರಬೇಕು ಎಂದು ಬಿಟ್ಟುಬಿಟ್ಟಿದ್ದರು. ನಾನು ಬಿಡುವವಳಲ್ಲ.

ನನ್ನ ಸ್ವಭಾವ ಹೀಗಾದದ್ದಕ್ಕೆ ಅಪ್ಪನೇ ಕಾರಣ. ಕಾಸಾರಶಿರಸಿಯಲ್ಲಿ ನಮ್ಮದು ಕಾಳುಕಡಿಯ ಅಂಗಡಿ. ಚೀಲ ಬಂದರೆ ಅಪ್ಪ ಮೇಲಿನ ಜೋಳ ನೋಡುತ್ತಲೇ ಇರಲಿಲ್ಲ, ತೋಳು ಮಡಚಿ ಮೊಣಕೈತನಕ ಒಳಗಿಳಿಸುತ್ತಿದ್ದ. “ಮ್ಯಾಲಿಂದು ಎಲ್ಲಾರದೂ ಛಲೋನ ಇರ್ತದವ್ವಾ, ಕೈ ತಳಾ ಮುಟ್ಟಬೇಕು” ಎನ್ನುತ್ತಿದ್ದ. ನಾನು ಅದನ್ನು ಜೋಳಕ್ಕೆ ಬಿಟ್ಟು ಮನುಷ್ಯರಿಗೆ ಹಚ್ಚಿದೆ. ಪ್ರಸಾದ ಕೊಟ್ಟರೂ ಮೂಸಿ ನೋಡಿ ಬಾಯಿಗೆ ಹಾಕುವವಳು ಎಂದು ನನ್ನ ಗಂಡ ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಾರೆ. ನಗಲಿ.

ಬಾಯಿ ಗಿಡ್ಡ ಆಳು. ಕಪ್ಪು ಬಣ್ಣ, ಕುತ್ತಿಗೆಯಲ್ಲಿ ಸೀಟಿಯ ದಾರ, ಇಳಕಲ್ಲ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು. ಸ್ಟಾಫ್ ರೂಮಿನಲ್ಲಿ ಕುರ್ಚಿಯ ತುದಿಗೆ ಕೂತು ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇಟ್ಟುಕೊಂಡಿರುತ್ತಿದ್ದರು. ಯಾರೋ ಬೆನ್ನು ಮುಟ್ಟಿ ‘ಖೋ’ ಎಂದುಬಿಟ್ಟರೆ ಅಲ್ಲಿಂದಲೇ ಓಡಲು ತಯಾರು. ಖೋಖೋ ಆಡಿದವರು ಹಾಗೆ ಕೂರುತ್ತಾರೆ. ಖೋಖೋ ಆಡಿದಂತೆ ತೋರಿಸಿಕೊಳ್ಳಬೇಕೆನ್ನುವವರೂ ಹಾಗೆ ಕೂರಬಹುದಲ್ಲ ಎಂದು ನನಗೆ ಅನುಮಾನ. ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ, ಐದು ನಿಮಿಷದಲ್ಲಿ ಅವರ ಊಟ ಮುಗಿಯುತ್ತಿತ್ತು. ಆಮೇಲೆ ನನ್ನ ಡಬ್ಬಿಗೆ ಕೈ ಹಾಕಿ ಪಲ್ಯೆ ಎತ್ತಿಕೊಳ್ಳುತ್ತಿದ್ದರು. ಕೇಳುವ ಪದ್ಧತಿ ಇರಲಿಲ್ಲ.

ಇಡೀ ಸ್ಟಾಫ್ ರೂಮಿನಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ನಾವು ಕನ್ನಡಕ್ಕಿಳಿದರೆ ಉಳಿದವರ ಕಿವಿ ನೆಟ್ಟಗಾಗುತ್ತಿತ್ತು. “ಕಾಯ ಚಾಲಲಯ ಹೋ ತುಮಚಂ?”, ಏನು ನಡೆದಿದೆ ನಿಮ್ಮದು, ಎಂದು ಮರಾಠಿಯ ಮೇಷ್ಟ್ರು ಕೇಳುತ್ತಿದ್ದರು, ಅವರ ಮೇಲೇ ಏನೋ ಹೇಳುತ್ತಿದ್ದೇವೆ ಎಂಬ ಸಂಶಯ. ನಾವು ಮಾತಾಡುತ್ತಿದ್ದದ್ದು ಬದನೆಕಾಯಿಯ ಬಗ್ಗೆ.

ಅವರ ಆಟದ ಕತೆ ಊರಿಗೆಲ್ಲ ಗೊತ್ತಿತ್ತು. ನಿಲಂಗಾ ತಾಲೂಕಿನ ಒಂದು ಸಣ್ಣ ಊರು, ಅಲ್ಲಿಂದ ಉದಗೀರದ ಆಯ್ಕೆ ಪಂದ್ಯ, ಅಲ್ಲಿಂದ ರಾಜ್ಯದ ಹುಡುಗಿಯರ ತಂಡ, ಬಂಗಾರದ ಪದಕ, ಆಮೇಲೆ ದೊಡ್ಡವರ ತಂಡದಲ್ಲಿ ನಾಲ್ಕು ವರ್ಷ, ಕೊನೆಗೆ ಆಟಗಾರರ ಕೋಟಾದಲ್ಲಿ ಈ ನೌಕರಿ. ಎಲ್ಲರೂ ಇದನ್ನು ಹಾಡಿನಂತೆ ಒಪ್ಪಿಸುತ್ತಿದ್ದರು. ನಾನು ಮಾತ್ರ ನಡುನಡುವೆ ಪ್ರಶ್ನೆ ಹಾಕಿ ನೋಡುತ್ತಿದ್ದೆ. ಆಟ ಯಾಕೆ ಬಿಟ್ಟಿರಿ ಎಂದರೆ ಒಮ್ಮೆ “ಮಣಕಾಲ ಹೋತ್ರಿ” ಎಂದರು. ಇನ್ನೊಮ್ಮೆ “ನೌಕರಿ ಬಂತಲ್ರಿ” ಎಂದರು. ಮತ್ತೊಮ್ಮೆ “ಅಂಜಿಕಿ ಬಂತು” ಎಂದು ಹೇಳಿ ತಕ್ಷಣ ಮಾತು ಬದಲಿಸಿದರು.

ಇನ್ನೊಂದು ಲೆಕ್ಕವೂ ಕೂಡುತ್ತಿರಲಿಲ್ಲ. ತಾವು ಚಿಕ್ಕವರಿದ್ದಾಗಿನ ದೊಡ್ಡ ಬರಗಾಲದಲ್ಲಿ ಅವ್ವ ಸರ್ಕಾರದ ಕಾಮಗಾರಿಯಲ್ಲಿ ಕಲ್ಲು ಹೊರುವಾಗ, ತಾವು ತಂಗಿಯನ್ನು ಬಗಲಲ್ಲಿಟ್ಟುಕೊಂಡು ದಂಡೆಗೆ ಕೂತಿರುತ್ತಿದ್ದುದನ್ನು ಬಾಯಿ ಹೇಳುತ್ತಿದ್ದರು. ಶಾಲೆಯ ದಾಖಲೆಯಲ್ಲಿದ್ದ ಅವರ ಹುಟ್ಟಿದ ದಿನ ನನಗೆ ಗೊತ್ತಿತ್ತು. ಅದರ ಪ್ರಕಾರ ಆ ಬರಗಾಲದಲ್ಲಿ ಅವರಿಗೆ ಮೂರು ವರ್ಷ. ಮೂರು ವರ್ಷದ ಕೂಸು ಇನ್ನೊಂದು ಕೂಸನ್ನು ಹೇಗೆ ಬಗಲಲ್ಲಿಟ್ಟುಕೊಳ್ಳುತ್ತದೆ? ನಾನು ಕೇಳಲಿಲ್ಲ. ಕೇಳಿದರೆ ಜನ ಹುಷಾರಾಗುತ್ತಾರೆ.

ಹುಡುಗಿಯರ ಆಟದ ಚಡ್ಡಿ, ಅಂಗಿಗಳನ್ನು ಅವರು ನಿಲಂಗಾದಲ್ಲಿ ಹೊಲಿಸುತ್ತಿದ್ದರು. ಉಮರಗಾದಲ್ಲಿ ಓಣಿಗೆ ನಾಲ್ಕು ಜನ ದರ್ಜಿಗಳಿರುವಾಗ, ಅಳತೆಯ ಚೀಟಿ ಹಿಡಿದು ಎಸ್.ಟಿ. ಬಸ್ಸು ಹತ್ತಿ ನಿಲಂಗಾಕ್ಕೆ ಯಾಕೆ ಹೋಗಬೇಕು? ಅಲ್ಲಿ ಏನೋ ಕೈ ಬಿಸಿಯಾಗುತ್ತಿರಬೇಕು ಎಂದು ನಾನು ಖಚಿತ ಮಾಡಿಕೊಂಡಿದ್ದೆ. ಲಗ್ನ ಯಾಕೆ ಆಗಲಿಲ್ಲ ಎಂದು ಯಾರೋ ಕೇಳಿದಾಗ, “ಲಗ್ನದಾಗ ಹೆಸರ ಬದಲಸ್ತಾರ್ರಿ. ನನಗ ಇನ್ನೊಂದ ಹೆಸರು ಬ್ಯಾಡ” ಎಂದರು. ನಮ್ಮ ಕಡೆ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಗಂಡು ಉಂಗುರದಿಂದ ಅದರ ಮೇಲೆ ಹೆಂಡತಿಗೆ ಹೊಸ ಹೆಸರು ಬರೆಯುತ್ತಾನೆ. ಅಷ್ಟಕ್ಕೆ ಹೆದರಿ ಯಾರಾದರೂ ಲಗ್ನ ಬಿಡುತ್ತಾರೇನು? ಇದನ್ನೂ ನಾನು ನನ್ನ ಸಂಶಯಗಳ ಗಂಟಿಗೆ ಸೇರಿಸಿಕೊಂಡೆ.

ಒಂದು ವಿಷಯದಲ್ಲಿ ಮಾತ್ರ ಅವರನ್ನು ಕೈಯಾರೆ ಹಿಡಿದೆ. ಮಾಕಣಿ ಅಣೆಕಟ್ಟಿನ ತಳ ಕಂಡ ವರ್ಷ ಅದು. ಊರಿನ ನಲ್ಲಿಗೆ ಹದಿನೈದು ದಿನಕ್ಕೊಮ್ಮೆಯೂ ನೀರಿಲ್ಲ. ಶಾಲೆಯ ನೀರಿನ ಟಾಕಿಯ ಜವಾಬುದಾರಿ ನನ್ನದು. ಸಂಜೆ ಶಾಲೆ ಬಿಟ್ಟ ಮೇಲೆ ದಿನಾ ಎರಡು ಬಕೀಟು ನೀರು ಇಳಿಯುತ್ತಿತ್ತು. ಒಂದು ಸಂಜೆ ನಾನು ಮನೆಗೆ ಹೋಗದೆ ಏಳನೆಯ ವರ್ಗದ ಕಿಟಕಿಯ ಹಿಂದೆ ನಿಂತೆ. ಬಾಯಿ ಬಂದರು. ಎರಡು ಬಕೀಟು ತುಂಬಿಕೊಂಡು ಖೋಖೋ ಮೈದಾನದ ಎರಡೂ ಕಂಬಗಳ ಸುತ್ತ ಕೂತು ಅಂಗೈಯಿಂದ ಚಿಮುಕಿಸಿದರು, ಒಂದು ಹನಿ ಆಚೆ ಬೀಳದಂತೆ.

ನಾನು ಹೊರಗೆ ಬಂದು ನಿಂತೆ. “ಇಡೀ ಊರು ಕೊಡಾ ಹಿಡಕೊಂಡ ಟ್ಯಾಂಕರಿನ ಹಿಂದ ಓಡ್ಲಕತ್ತದ. ನೀವು ಮಣ್ಣಿಗಿ ಹಾಕ್ಲಕತ್ತೀರಲ್ರಿ ಬಾಯಿ!”

ಅವರು ತಲೆ ಎತ್ತಲಿಲ್ಲ. “ಇದು ಮಣ್ಣ ಅಲ್ರಿ, ಹುಡಗ್ಯಾರ ಮಣಕಾಲು. ಒಣಾ ನೆಲದ ಮ್ಯಾಲ ಬಿದ್ರ ತೊಗಲು ಕಿತ್ತು ಬರ್ತದ.”

ನಾನು ಹೆಡ್ ಸರ್‌ಗೆ ಹೇಳಿದೆ. ಬಾಯಿ ತಪ್ಪೊಪ್ಪಿಗೆ ಬರೆದುಕೊಟ್ಟರು. ಮರುದಿನದಿಂದ ಸೈಕಲ್ಲಿಗೆ ಎರಡು ಡಬ್ಬ ಕಟ್ಟಿಕೊಂಡು ಮನೆಯಿಂದ ನೀರು ತಂದು ಹಾಕತೊಡಗಿದರು. ಅದೆಲ್ಲಿಯ ನೀರು ಎಂದು ನಾನು ಡಬ್ಬದ ಮುಚ್ಚಳ ತೆಗೆದು ಮೂಸಿದೆ. ಸಾಬೂನಿನ ವಾಸನೆ ಬಂತು, ಮೈ ತೊಳೆದ ನೀರು. ಅವರು ನನ್ನನ್ನು ನೋಡಿ ನಕ್ಕರು, ಸಿಟ್ಟಾಗಲಿಲ್ಲ. ಅವತ್ತೂ ನನ್ನ ಡಬ್ಬಿಯಿಂದ ಪಲ್ಯೆ ತಿಂದರು.

ಅದೇ ವರ್ಷ ಒಂದು ಆದೇಶ ಬಂತು. ಎಲ್ಲೋ ಯಾರೋ ಸುಳ್ಳು ಪ್ರಮಾಣಪತ್ರ ತೋರಿಸಿ ಆಟಗಾರರ ಕೋಟಾದಲ್ಲಿ ನೌಕರಿ ಹಿಡಿದಿದ್ದರಂತೆ, ಆದ್ದರಿಂದ ಆ ಕೋಟಾದವರ ಎಲ್ಲರ ಕಾಗದಪತ್ರಗಳನ್ನೂ ಶಾಲೆಯವರು ಮೂಲಕ್ಕೆ ಹೋಗಿ ತಪಾಸಣೆ ಮಾಡಬೇಕು. ಸುಳ್ಳು ಎಂದಾದರೆ ನೌಕರಿ ಹೋಗುತ್ತದೆ, ಮೇಲೆ ಪೊಲೀಸ್ ಕೇಸು. ನಮ್ಮಲ್ಲಿ ಆ ಕೋಟಾದವರು ಬಾಯಿ ಒಬ್ಬರೇ. ಹೆಡ್ ಸರ್ ಮೂವರ ಸಮಿತಿ ಮಾಡಿದರು: ತಾವು, ಗುಮಾಸ್ತರು, ಮತ್ತೊಬ್ಬರು ಯಾರಾದರೂ. ಆ ಮತ್ತೊಬ್ಬರು ನಾನು ಎಂದು ಕೈ ಎತ್ತಿದೆ. ಹತ್ತು ವರ್ಷದಿಂದ ನಾನು ಇದಕ್ಕಾಗಿಯೇ ಕಾದಿದ್ದೆನೇನೋ.

ಬಾಯಿಯ ಊರು ನನ್ನ ತವರಿನಿಂದ ಮೂರು ಹರದಾರಿ. ಅಲ್ಲಿಯ ಪ್ರಾಥಮಿಕ ಶಾಲೆಯ ಜನರಲ್ ರಜಿಸ್ಟರಿನಲ್ಲಿ ಅವರ ಹೆಸರು, ಹುಟ್ಟಿದ ದಿನ ಇದೆಯೋ ಇಲ್ಲವೋ ನೋಡಬೇಕಿತ್ತು. ಒಂದು ಶನಿವಾರ ಹೋದೆ. ದಾರಿಯುದ್ದಕ್ಕೂ ಬಯಲೆಲ್ಲ ಬೂದಿ ಬಣ್ಣ, ಬರಗಾಲದ ಮೇವಿನ ಶಿಬಿರದಲ್ಲಿ ದನಗಳು ಸಾಲಾಗಿ ನಿಂತಿದ್ದವು. ಹೊಸದಾಗಿ ಬಂದ ಹುಡುಗ ಮಾಸ್ತರು ಟ್ರಂಕಿನ ತಳದಿಂದ ರಜಿಸ್ಟರು ತೆಗೆದುಕೊಟ್ಟ. ಹೆಸರು ಸಿಕ್ಕಿತು. ತಂದೆಯ ಹೆಸರೂ ಸರಿ, ಊರೂ ಸರಿ. ಹುಟ್ಟಿದ ದಿನ ಜೂನ್ ಒಂದು. ನಮ್ಮ ಕಡೆ ಶಾಲೆಗೆ ಸೇರಿಸುವಾಗ ತಂದೆತಾಯಿಗೆ ದಿನ ಗೊತ್ತಿಲ್ಲದಿದ್ದರೆ ಮಾಸ್ತರರು ಜೂನ್ ಒಂದು ಎಂದು ಬರೆದುಬಿಡುತ್ತಾರೆ, ಅರ್ಧ ತಾಲೂಕು ಅವತ್ತೇ ಹುಟ್ಟಿದೆ. ಏಳನೆಯ ವರ್ಗದಲ್ಲಿ ಶಾಲೆ ಬಿಟ್ಟದ್ದು, ಕಾರಣ ಮನೆಗೆಲಸ. ಅಲ್ಲಿಗೆ ಪುಸ್ತಕ ಮುಚ್ಚಬೇಕಿತ್ತು. ಆದರೆ ಕೈ ತಳ ಮುಟ್ಟಬೇಕಲ್ಲ, ಕೊನೆಯ ಖಾನೆಯನ್ನೂ ಓದಿದೆ. ಅಲ್ಲಿ ಕೆಂಪು ಮಸಿಯಲ್ಲಿ ಮರಾಠಿಯಲ್ಲಿ ಬರೆದಿತ್ತು: ಎಡಗಾಲಿಗೆ ಪೋಲಿಯೋ, ಕವಾಯತಿನಿಂದ ಮಾಫಿ.

ನಾನು ಎರಡು ಸಲ ಓದಿದೆ. ಶಾಲೆಯ ಕವಾಯತಿಗೂ ನಿಲ್ಲಲಾಗದ ಹುಡುಗಿ ರಾಜ್ಯದ ಖೋಖೋ ತಂಡದಲ್ಲಿ ಬಂಗಾರದ ಪದಕ ಗೆಲ್ಲುವುದೆಂದರೇನು? ನಮ್ಮ ಬಾಯಿಗೆ ಎರಡೂ ಕಾಲು ನೆಟ್ಟಗಿವೆ, ಸೈಕಲ್ ತುಳಿಯುತ್ತಾರೆ. ಅಂದರೆ ನಮ್ಮ ಶಾಲೆಯಲ್ಲಿ ಪಗಾರ ಎಣಿಸುತ್ತಿರುವವಳು ಈ ಹುಡುಗಿ ಅಲ್ಲವೇ ಅಲ್ಲ. ಹಾಗಾದರೆ ಈಕೆ ಯಾರು? ಹೆಸರಿನೊಂದಿಗೆ ಪದಕದ ಕಾಗದವನ್ನೂ ಎಲ್ಲಿಂದಲೋ ಎತ್ತಿಕೊಂಡು ಬಂದವಳು ಎಂದು ನನ್ನ ಮನಸ್ಸು ತೀರ್ಪು ಕೊಟ್ಟುಬಿಟ್ಟಿತು. ಮಾಸ್ತರನ ಸಹಿ ಶಿಕ್ಕೆ ಹಾಕಿಸಿ ಆ ದಾಖಲೆಯ ನಕಲು, ಉತಾರೆ ತೆಗೆದುಕೊಂಡೆ. ಬಸ್ಸಿನಲ್ಲಿ ಕೂತಾಗ ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಅದನ್ನು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಸಮಿತಿ ಸೇರುವ ದಿನ ಉತಾರೆ ನನ್ನ ಚೀಲದಲ್ಲಿತ್ತು, ಯಾರಿಗೂ ತೋರಿಸಿರಲಿಲ್ಲ. ಕೊನೆಗೆ ತೆಗೆದು ಮೇಜಿನ ಮೇಲಿಡಬೇಕೆಂದು ಇಟ್ಟುಕೊಂಡಿದ್ದೆ. ಹೆಡ್ ಸರ್ ಆ ದಿನ ಉದಗೀರದಿಂದ ಒಬ್ಬ ಹಳೆಯ ಅಂಪೈರರನ್ನು ಕರೆಸಿದ್ದರು. ಬಾಯಿಯ ಪ್ರಮಾಣಪತ್ರದ ಮೇಲೆ ಇದ್ದದ್ದು ಅವರದೇ ಸಹಿ. ಎಂಬತ್ತರ ಹತ್ತಿರದ ಮುದುಕರು, ಕಣ್ಣಿನ ಆಪರೇಶನ್ ಆಗಿ ಕಪ್ಪು ಕನ್ನಡಕ ಹಾಕಿಕೊಂಡಿದ್ದರು. ಹೆಡ್ ಸರ್ ಬಾಯಿಯನ್ನು ಅವರ ಮುಂದೆ ನಿಲ್ಲಿಸಿ, ಗುರುತು ಸಿಗುತ್ತದೆಯೇ ಎಂದು ಕೇಳಿದರು.

ಮುದುಕರು ತಲೆ ಅಲ್ಲಾಡಿಸಿದರು. “ಎಷ್ಟ ಹುಡಗ್ಯಾರ್ರಿ ಸಾಹೇಬ! ಮಾರಿ ಯಾರದು ನೆನಪ ಇರ್ತದ? ಕಾಲು ನೆನಪ ಇರ್ತಾವ. ಓಡಸ್ರಿ, ಹೇಳ್ತೀನಿ.”

ಹೆಡ್ ಸರ್ ಮುಜುಗರಪಟ್ಟು, ಈ ವಯಸ್ಸಿನಲ್ಲಿ ಅದೆಲ್ಲ ಬೇಡ ಎಂದರು. ಓಡಲಿ, ಬಣ್ಣ ಬಯಲಾಗಲಿ ಎಂದೇ ನನ್ನ ಇಚ್ಛೆ. ಬಾಯಿ ಹೊರಗೆ ಹೋಗಿ ಸೀರೆಯನ್ನು ಕಚ್ಚೆ ಹಾಕಿ ಬಂದರು. ಮಧ್ಯಾಹ್ನ ಎರಡು ಗಂಟೆಯ ಬಿಸಿಲು. ಎಂಟು ಹುಡುಗಿಯರು ಎರಡು ಕಂಬಗಳ ನಡುವೆ ಸಾಲಾಗಿ, ಒಬ್ಬಳ ಮುಖ ಅತ್ತ ಒಬ್ಬಳ ಮುಖ ಇತ್ತ ಕೂತರು. ಮೂವರು ತಪ್ಪಿಸಿಕೊಂಡು ಓಡುವವರು. ಬೆನ್ನಟ್ಟುವವರು ಬಾಯಿ.

ಐವತ್ತು ದಾಟಿದ ಹೆಂಗಸು ಓಡುವುದನ್ನು ನೋಡಲು ಇಡೀ ಶಾಲೆ ವರಾಂಡದಲ್ಲಿ ನಿಂತಿತು. ಮೊದಲು ಇಬ್ಬರು ಹುಡುಗರು ನಕ್ಕರು, ಆಮೇಲೆ ನಗಲಿಲ್ಲ. ಬಾಯಿ ನಾಲ್ಕು ಹೆಜ್ಜೆ ಓಡಿ ಒಬ್ಬಳ ಬೆನ್ನು ಮುಟ್ಟಿ ಖೋ ಕೊಟ್ಟು ಆ ಜಾಗದಲ್ಲಿ ಕೂತರು, ತಮ್ಮ ಬೆನ್ನಿಗೆ ಖೋ ಬಿದ್ದೊಡನೆ ಎದ್ದರು. ಇಬ್ಬರನ್ನು ಮುಟ್ಟಿ ಹೊರಗೆ ಕಳಿಸಿದರು. ಮೂರನೆಯವಳು ನಮ್ಮ ಶಾಲೆಯ ಎಲ್ಲರಿಗಿಂತ ಚುರುಕು ಹುಡುಗಿ, ಕಂಬವನ್ನು ಬಳಸಿ ಆಚೆ ಹಾರಿದಳು. ಬಾಯಿ ಎಡಗೈಯಿಂದ ಕಂಬ ಹಿಡಿದರು, ಮೈಯನ್ನು ಪೂರ್ತಿ ನೆಲಕ್ಕೆ ಚೆಲ್ಲಿ ಬಲಗೈ ಚಾಚಿದರು. ಬೆರಳ ತುದಿ ಹುಡುಗಿಯ ಹಿಮ್ಮಡಿಗೆ ತಗುಲಿತು.

ಮುದುಕರು ಎದ್ದು ನಿಂತುಬಿಟ್ಟಿದ್ದರು. “ಬಸ್ ಬಸ್. ಸಾಕವ್ವಾ, ಏಳು. ಎಡಗೈಲೆ ಕಂಬಾ ಹಿಡ್ದು ಹಿಂಗ ಬೀಳಾಕಿ ನನ್ನ ಜಲ್ಮದಾಗ ಒಬ್ಬಾಕಿನ್ನೇ ನೋಡೀನ್ರಿ ಸಾಹೇಬ. ಇಕೀನ ಆಕಿ. ಎಲ್ಲಿ ಬೇಕಾರ ಬರದ ಕೊಡ್ತೀನಿ.”

ಅವರು ಬರೆದುಕೊಟ್ಟರು. ಹೆಡ್ ಸರ್ ಸಹಿ ಮಾಡಿದರು, ಗುಮಾಸ್ತರು ಮಾಡಿದರು. ಕಾಗದ ನನ್ನ ಮುಂದೆ ಬಂತು. ನಾಳೆ ಮಾಡುತ್ತೇನೆ ಎಂದೆ. ಬಾಯಿ ಆಗ ನನ್ನ ಮುಖ ನೋಡಿದರು. ಅವರಿಗೆ ಗೊತ್ತಾಯಿತು ಎಂದು ನನಗೂ ಗೊತ್ತಾಯಿತು.

ಟಾಕಿಯ ಹತ್ತಿರ ಅವರು ಒಂದು ತಂಬಿಗೆ ನೀರಿನಲ್ಲಿ ಮೊಣಕೈ ತೊಳೆದುಕೊಳ್ಳುತ್ತಿದ್ದಾಗ ಹೋದೆ. ಅಂಗೈಯುದ್ದ ಚರ್ಮ ಕಿತ್ತು ರಕ್ತ ಬರುತ್ತಿತ್ತು. ಆ ವಾರ ಕಂಬದ ಸುತ್ತ ನೀರು ಬಿದ್ದಿರಲಿಲ್ಲ.

“ಬಾಯಿ, ಕವಾಯತಿನಿಂದ ಮಾಫಿ ಇದ್ದಾಕಿ ಯಾರ್ರಿ?” ಎಂದೆ.

ಅವರು ತಂಬಿಗೆ ಕೆಳಗಿಟ್ಟರು. “ನನ್ನ ತಂಗಿರಿ. ಹೆಸರು ಆಕೀದು.”

“ಮತ್ತ ನೀವು?”

“ನಾ ಓಡಾಕಿ.”

ಆಮೇಲೆ ಎಲ್ಲ ಹೇಳಿದರು. ಅದೂ ಮಳೆ ಕೈಕೊಟ್ಟ ವರ್ಷವೇ. ಉದಗೀರದಲ್ಲಿ ಆಯ್ಕೆ ಪಂದ್ಯ. ಆಯ್ಕೆಯಾದರೆ ಒಂದು ತಿಂಗಳು ಕ್ಯಾಂಪು, ಎರಡು ಹೊತ್ತು ಊಟ, ಊಟಕ್ಕೆ ಅನ್ನ, ತತ್ತಿ. ಆದರೆ ಹದಿನೆಂಟರ ಒಳಗಿನವರಿಗೆ ಮಾತ್ರ, ಇವರಿಗೆ ಹತ್ತೊಂಬತ್ತು. ಊರಿನ ಆಟದ ಮಾಸ್ತರು ಮನೆಗೆ ಬಂದು, ಕಿರಿಯವಳ ಜನ್ಮದಾಖಲೆ ಕೊಡಿ, ಅಕ್ಕ ಗಿಡ್ಡಗಿದ್ದಾಳೆ, ನಡೆದುಹೋಗುತ್ತದೆ ಎಂದರು. ಅವರ ಅಪ್ಪ ಎರಡನೆಯ ಮಾತಾಡಲಿಲ್ಲ. “ಸಣ್ಣಾಕಿ ಹೆಸರ ಮನ್ಯಾಗ ಸುಮ್ನ ಬಿದ್ದದ. ಆಕಿ ಹ್ಯಾಂಗೂ ಓಡಾಕಿ ಅಲ್ಲ. ಒಯ್ರಿ” ಎಂದ. ಒಂದು ಪಂದ್ಯಕ್ಕೆ ಎಂದು ತೆಗೆದುಕೊಂಡದ್ದು. ಆದರೆ ತಂಡ ಗೆದ್ದಿತು, ಪ್ರಮಾಣಪತ್ರ ಆ ಹೆಸರಿಗೆ ಬಂತು, ಪತ್ರಿಕೆಯಲ್ಲಿ ಆ ಹೆಸರು ಬಂತು. ಮುಂದಿನ ಸಲ ನಿಜ ಹೆಸರು ಹೇಳಿದರೆ ಹಿಂದಿನದು ಹೋಗುತ್ತದೆ. ಹತ್ತನೆಯ ವರ್ಗದ ಪರೀಕ್ಷೆಗೂ ಅದೇ ಹೆಸರಿನಲ್ಲಿ ಕೂತರು. ನೌಕರಿಯೂ ಅದೇ ಹೆಸರಿಗೆ ಬಂತು.

“ದೊಡ್ಡವರ ತಂಡದಾಗ ಆಡೂಮುಂದ ಯಾರರೆ ನಮ್ಮೂರಾಕಿ ಬಂದು ಖರೇ ಹೆಸರ ಕೂಗ್ತಾರೋ ಅಂತ ಅಂಜಿಕ್ಯಾಗ್ತಿತ್ರಿ. ಅದಕ್ಕ ಆಟ ಬಿಟ್ಟೆ. ಮಣಕಾಲ ಛಲೋನ ಇದ್ದವು.”

“ನಿಮ್ಮ ತಂಗಿ ಒಪ್ಪ್ಯಾಳೇನು?”

“ಒಪ್ಪ್ಯಾಳ್ರಿ.” ಈ ಉತ್ತರ ಮಾತ್ರ ಬಹಳ ಬೇಗ ಬಂತು. “ನಿಲಂಗಾದಾಗ ಇದ್ದಾಳ. ನಮ್ಮ ಹುಡಗ್ಯಾರ ಬಟ್ಟಿ ಹೊಲೀತಾಳಲ್ಲ, ಆಕೀನ. ಕಾಲ ಮಷೀನ್ ತುಳೀಲಾಕ ಬರಲ್ಲ, ಕೈ ಮಷೀನ್ ಮ್ಯಾಲ ಹೊಲೀತಾಳ. ಮದವಿಯಾಗ ಅಕ್ಕಿ ಮ್ಯಾಲ ಬ್ಯಾರೆ ಹೆಸರ ಬರದಾರ. ಹಿಂಗಾಗಿ ಆಕೀಗಿ ಏನೂ ತ್ರಾಸ ಆಗಿಲ್ಲ.”

“ತ್ರಾಸ ಆಗಿಲ್ಲ ಅಂತ ಆಕಿ ಹೇಳ್ಯಾಳೇನು?”

ಅವರು ಸೀರೆಯ ಸೆರಗಿನಿಂದ ಮೊಣಕೈ ಒತ್ತಿ ಹಿಡಿದು ಹುಡುಗಿಯರ ಕಡೆ ಹೊರಟರು.

ಮರುದಿನ ನಾನು ಸಹಿ ಮಾಡಿದೆ. ಹನ್ನೆರಡು ಹುಡುಗಿಯರ ತಂಡ ಆ ತಿಂಗಳು ರಾಜ್ಯದ ಪಂದ್ಯಕ್ಕೆ ಹೋಗಬೇಕಿತ್ತು, ಅದಕ್ಕಾಗಿ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಆ ರಕ್ತ ನೋಡಿದ ಮೇಲೆ ಉತಾರೆ ತೆಗೆದು ಮೇಜಿನ ಮೇಲಿಡಲು ನನ್ನಿಂದ ಆಗಲಿಲ್ಲ. ಆ ಓಟ ಸುಳ್ಳಿನದಲ್ಲ, ಕಾಗದ ಸುಳ್ಳು. ಎರಡರಲ್ಲಿ ಯಾವುದಕ್ಕೆ ಸಹಿ ಮಾಡಿದೆ ಎಂದು ಗಣಿತದವಳಾದ ನನಗೇ ಹೇಳಲು ಬರುವುದಿಲ್ಲ. ಉತಾರೆಯನ್ನು ಫೈಲಿಗೆ ಹಾಕಲಿಲ್ಲ, ಹರಿಯಲೂ ಇಲ್ಲ. ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಅದು ನನ್ನಲ್ಲಿದೆ ಎಂದು ಅವರಿಗೆ ಗೊತ್ತಿತ್ತು. ಅಲ್ಲಿಂದ ಮುಂದೆ ನಮ್ಮ ನಡುವೆ ಒಂದೂ ಕೆಟ್ಟ ಮಾತು ಬರಲಿಲ್ಲ, ಆದರೆ ಅವರು ನನ್ನ ಡಬ್ಬಿಗೆ ಕೈ ಹಾಕುವುದನ್ನು ಬಿಟ್ಟರು. ನಾನೇ ಡಬ್ಬಿ ಮುಂದೆ ಸರಿಸಿದರೆ “ಹೊಟ್ಟಿ ತುಂಬ್ಯದ್ರಿ” ಎನ್ನುತ್ತಿದ್ದರು. ನಾನು ಗುಮಾಸ್ತರ ಜೊತೆ ಮೆಲ್ಲಗೆ ಮಾತಾಡುತ್ತಿದ್ದರೆ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದರು. ಉಳಿದವರು ಹೆಸರು ಹಿಡಿದು ಕರೆದರೆ ಎಂದಿನಂತೆ ಎರಡನೆಯ ಸಲಕ್ಕೆ ತಿರುಗುವ ಬಾಯಿ, ನಾನು ಕರೆದರೆ ಮಾತ್ರ ಮೊದಲ ಸಲಕ್ಕೇ ತಿರುಗುತ್ತಿದ್ದರು. ಒಮ್ಮೆ, ಬರ್ರಿ, ನಿಲಂಗಾಕ್ಕೆ ಹೋಗಿ ನಿಮ್ಮ ತಂಗಿಯನ್ನು ಮಾತಾಡಿಸಿಕೊಂಡು ಬರೋಣ ಎಂದೆ. “ಹೋಗೋಣ್ರಿ, ದೀಪಾವಳಿ ಸೂಟಿಯಾಗ” ಎಂದರು. ಆ ದೀಪಾವಳಿಯೂ ಹೋಯಿತು, ಆಮೇಲಿನದೂ ಹೋಯಿತು. ಬಸ್ಸಿಗೆ ಕೂತರೆ ಮುಟ್ಟುವ ಊರು, ನಾನೊಬ್ಬಳೇ ಹೋಗಬಹುದಿತ್ತು. ಹೋಗಲಿಲ್ಲ.

ಅವರ ಹುಡುಗಿಯರು ಮಾತ್ರ ಎಲ್ಲೆಲ್ಲೋ ಹೋದರು. ಗುಂಜೋಟಿಯ ಒಬ್ಬಳು ಪೊಲೀಸ್ ಆದಳು, ಒಬ್ಬಳು ರೈಲ್ವೆ ತಂಡದಲ್ಲಿ ಆಡಿದಳು, ಇನ್ನೊಬ್ಬಳು ತಾನೇ ಆಟದ ಬಾಯಿಯಾದಳು. ಪ್ರತಿಯೊಬ್ಬಳ ಅರ್ಜಿಯನ್ನೂ ಬಾಯಿ ಹತ್ತಿರ ಕೂತು ತುಂಬಿಸುತ್ತಿದ್ದರು. “ಖರೇ ತಾರೀಖ ಬರೀ. ವಯಸ್ಸ ಮೀರಿದ್ರ ಮನ್ಯಾಗ ಕುಂದ್ರು, ಸುಳ್ಳ ಬರೀಬ್ಯಾಡ” ಎಂದು ಬೈಯುತ್ತಿದ್ದರು. ಒಂದು ವರ್ಷ ತಂಡದ ಎಲ್ಲರಿಗಿಂತ ಒಳ್ಳೆಯ ಓಟಗಾರ್ತಿಯನ್ನು, ಎರಡೇ ತಿಂಗಳು ವಯಸ್ಸು ಮೀರಿದ್ದಕ್ಕೆ, ಮನೆಗೆ ಕಳಿಸಿದರು. ತಂಡ ಸೋತುಬಂತು. ಊರಿನವರು, ಯಾರಿಂದಲೋ ಏನೋ ತಿಂದು ಹುಡುಗಿಯನ್ನು ತೆಗೆದಿದ್ದಾಳೆ ಎಂದರು. ಜೀವನದಲ್ಲಿ ಒಂದೇ ಸಲ, ಸಂಶಯಪಡುವವರ ಜೊತೆ ನಾನು ಜಗಳಕ್ಕೆ ನಿಂತೆ.

ಬಾಯಿಯ ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು, ಕಾಗದದ ಲೆಕ್ಕದಲ್ಲಿ. ಮತ್ತೊಂದು ಒಣ ಬೇಸಿಗೆ, ಬೆಳಗಿನ ಪ್ರಾಕ್ಟೀಸು. ಒಬ್ಬಳು ಹುಡುಗಿ ಬಂದಿರಲಿಲ್ಲವೆಂದು ಬಾಯಿ ತಾವೇ ಸಾಲಿನಲ್ಲಿ ಕೂತಿದ್ದರಂತೆ. ಹಿಂದಿನಿಂದ ಓಡಿ ಬಂದವಳು ಬೆನ್ನು ಮುಟ್ಟಿ ಖೋ ಕೊಟ್ಟಳು, ಬಾಯಿ ಏಳಲಿಲ್ಲ. ದವಾಖಾನೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಊರಿನಲ್ಲೇ ಮಣ್ಣು ಮಾಡಿದರು. ನನಗೆ ಜ್ವರ, ಹೋಗಲಾಗಲಿಲ್ಲ.

ಮೂರನೆಯ ದಿನ ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ. ಗೇಟಿನ ಹತ್ತಿರ ಒಬ್ಬ ಹುಡುಗ ಮೋಟರ್ ಸೈಕಲ್ಲಿನಿಂದ ಒಬ್ಬ ಹೆಂಗಸನ್ನು ಇಳಿಸಿ ಹೋದ. ಖೋಖೋ ಬಾಯಿಯದೇ ಮೂಗು, ಅವರದೇ ಎತ್ತರ. ಒಂದು ಹೆಜ್ಜೆಗೊಮ್ಮೆ ಎಡ ಮೊಣಕಾಲಿನ ಮೇಲೆ ಕೈಯೂರಿ ಬರುತ್ತಿದ್ದಳು. ನಾನು ಹೋಗಿ ಕೈ ಹಿಡಿದು ಮುಂದಿನ ಸಾಲಿಗೆ ಕರೆತಂದು ಪಕ್ಕಕ್ಕೆ ಕೂರಿಸಿಕೊಂಡೆ. ನಾನು ಗಣಿತದ ಬಾಯಿ ಎಂದೆ.

“ಗೊತ್ತದರಿ. ‘ಗಣಿತದ ಬಾಯಿಗಿ ಎಲ್ಲಾ ಗೊತ್ತದ’ ಅಂತಿದ್ದಳು ಅಕ್ಕ. ಭಾಳ ಅಂಜತಿದ್ದಳು ನಿಮಗ.”

ನಾನು ತಲೆ ತಗ್ಗಿಸಿದೆ. ಆದರೂ ಎಂಟು ವರ್ಷ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿಬಿಟ್ಟೆ. “ನೀವು ಒಪ್ಪಿ ಕೊಟ್ಟಿದ್ರೇನ್ರಿ?”

“ನನ್ನ ಯಾರ ಕೇಳ್ಯಾರ್ರಿ ಬಾಯಿ?” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಅಕ್ಕ ಕ್ಯಾಂಪಿನಿಂದ ಬಿಸ್ಕೀಟ ತರ್ತಿದ್ದಳು. ಪೇಪರದಾಗ ಆಕಿ ಫೋಟೊದ ಬುಡಕ ನನ್ನ ಹೆಸರ ಓದಿ ಖುಷೀನೂ ಆತು, ಹೊಟ್ಟಿನೂ ಉರೀತು. ಆಮ್ಯಾಲ ನನ್ನ ಶಾಲಿ ಬಿಡಿಸಿದ್ರು. ಒಂದ ಹೆಸರಿನ ಮ್ಯಾಲ ಇಬ್ಬರು ಕಲೀಲಾಕ ಬರಲ್ಲ, ಸಿಕ್ಕ ಬೀಳ್ತೀವಿ ಅಂದ ಅಪ್ಪ. ನನಗ ಗಣಿತ ಛಲೋ ಬರ್ತಿತ್ತ್ರಿ.”

ನಾನು, ಅಕ್ಕನ ಮೇಲೆ ಹತ್ತು ವರ್ಷ ಕಣ್ಣಿಟ್ಟವಳು, ಅವಳ ನೀರು ಮೂಸಿದವಳು, ಈ ತಂಗಿಯ ಮನೆಯ ಬಾಗಿಲಿಗೆ ಒಮ್ಮೆಯೂ ಹೋಗಿರಲಿಲ್ಲ.

ವೇದಿಕೆಯ ಮೇಲೆ ಹೊಸ ಹೆಡ್ ಸರ್ ಬಾಯಿಯ ಜೀವನ ಓದತೊಡಗಿದರು. ಆ ಹೆಸರು ಹೇಳಿದರು. ಜೂನ್ ಒಂದರಂದು ಹುಟ್ಟಿದರು ಎಂದರು. ಚಿಕ್ಕಂದಿನಿಂದಲೇ ಜಿಂಕೆಯಂತೆ ಓಡುತ್ತಿದ್ದರು, ಕವಾಯತಿನಲ್ಲಿ ಯಾವಾಗಲೂ ಮೊದಲು ಎಂದರು. ಪಕ್ಕದಲ್ಲಿದ್ದವಳು ಒಂದೊಂದು ಮಾತಿಗೂ ತಲೆಯಾಡಿಸುತ್ತಿದ್ದಳು. ಕೊನೆಗೆ ಅವರು ಮತ್ತೆ ಆ ಹೆಸರು ಹೇಳಿ, ಅವರ ಆತ್ಮಕ್ಕೆ ಶಾಂತಿ ಕೋರಿ ಎರಡು ನಿಮಿಷ ಮೌನ ಎಂದರು. ಇಡೀ ಸಭೆ ಎದ್ದಿತು. ಆಕೆ ಮೊಣಕಾಲಿಗೆ ಕೈಯೂರಿದಳು.

“ನೀವು ಕುಂದರ್ರಿ, ಕಾಲಿಗಿ ತ್ರಾಸ ಆಗ್ತದ” ಎಂದೆ.

“ನನ್ನ ಹೆಸರಿಗಿ ಇಷ್ಟ ಮಂದಿ ಎದ್ದ ನಿಂತಾರ. ನಾ ಹ್ಯಾಂಗ ಕುಂದ್ರಲಿರಿ?” ಎಂದು ನನ್ನ ತೋಳು ಹಿಡಿದು ಎದ್ದು ನಿಂತಳು. ಎರಡೂ ನಿಮಿಷ ಅಲ್ಲಾಡದೆ ನಿಂತಳು. ಆಕೆಯ ಭಾರವೆಲ್ಲ ನನ್ನ ತೋಳಿನ ಮೇಲಿತ್ತು.

ಕೂತ ಮೇಲೆ ನನ್ನ ಕಿವಿಯ ಹತ್ತಿರ ಬಾಗಿದಳು. “ಬಾಯಿ, ನೀವು ಕಲತಾಕಿ ಇದ್ದೀರಿ, ಅದಕ್ಕ ಕೇಳ್ತೀನಿ. ಅಕ್ಕನ ಕೆಲಸ ಮುಗೀತಲ್ರಿ. ಇನ್ನ ಆ ಹೆಸರು ನನಗ ತಿರುಗಿ ಬರ್ತದಲ್ಲ?”

ಅವತ್ತು ಬೆಳಿಗ್ಗೆ, ಉಮರಗಾದಲ್ಲಿ ಬಾಯಿಗೆ ತಮ್ಮವರು ಯಾರೂ ಇಲ್ಲವಲ್ಲ ಎಂದು, ನಗರ ಪರಿಷತ್ತಿನ ಕಚೇರಿಗೆ ಹೋಗಿದ್ದವಳು ನಾನೇ. ಸಾವಿನ ನೋಂದಣಿ ಪುಸ್ತಕದಲ್ಲಿ ಆ ಹೆಸರನ್ನು, ಜೂನ್ ಒಂದರ ಆ ತಾರೀಖನ್ನು, ಒಂದಕ್ಷರವೂ ತಪ್ಪದಂತೆ ಹೇಳಿ ಬರೆಸಿದ್ದೆ. ಕೆಳಗೆ ಸಹಿಯನ್ನೂ ನಾನೇ ಮಾಡಿದ್ದೆ.